ಕೆಡವುವ ಮುನ್ನ ದಾಖಲೆ: ಇಂಗ್ಲೆಂಡಿನ ಹಳೆಯ ರೈತಮನೆಗಳು ಮತ್ತು ಒಂದು ಷರತ್ತಿನ ಹಿನ್ನೆಲೆ

ಇಂಗ್ಲೆಂಡಿನಲ್ಲಿ ಐತಿಹಾಸಿಕ ಮಹತ್ವದ ರೈತಮನೆಯೊಂದನ್ನು ಕೆಡವಲು ಸ್ಥಳೀಯ ಆಡಳಿತ ಒಪ್ಪಿದರೂ, ಅದಕ್ಕೆ ಮೊದಲು ಕಟ್ಟಡದ ಪುರಾತತ್ತ್ವ ದಾಖಲೀಕರಣ (ಛಾಯಾಚಿತ್ರ, ನಕ್ಷೆ, ಟಿಪ್ಪಣಿಗಳಲ್ಲಿ ಅದರ ಚರಿತ್ರೆಯನ್ನು ಹಿಡಿದಿಡುವ ಕೆಲಸ) ಆಗಬೇಕೆಂಬ ಷರತ್ತು ವಿಧಿಸುವುದು ಈಗ ರೂಢಿ. ಅದರ ಖರ್ಚು ಕೆಡವುವವರದೇ. ಈ ಪದ್ಧತಿ ನೆಲೆಗೊಳ್ಳಲು ಹೆಚ್ಚುಕಡಿಮೆ ಎಂಟು ದಶಕ ಹಿಡಿಯಿತು.

1908ರಲ್ಲಿ ಸ್ಥಾಪನೆಯಾದ ಐತಿಹಾಸಿಕ ಸ್ಮಾರಕಗಳ ರಾಯಲ್ ಕಮಿಷನ್ ಮೊದಮೊದಲು 1700ಕ್ಕಿಂತ ಈಚಿನದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಊರೂರುಗಳ ಕಟ್ಟಡಗಳು ನೆಲಕಚ್ಚತೊಡಗಿದಾಗ, ಉಳಿದವುಗಳ ಛಾಯಾಚಿತ್ರ ಮತ್ತು ನಕ್ಷೆಗಳನ್ನಾದರೂ ಕೂಡಿಡಲೆಂದು 1941ರಲ್ಲಿ ನ್ಯಾಷನಲ್ ಬಿಲ್ಡಿಂಗ್ಸ್ ರೆಕಾರ್ಡ್ ಹುಟ್ಟಿಕೊಂಡಿತು. ಕಾನೂನಿನ ಬಲ ಬಂದದ್ದು 1968ರ ಕಾಯ್ದೆಯಿಂದ: ಸಂರಕ್ಷಿತ ಪಟ್ಟಿಯಲ್ಲಿರುವ ಕಟ್ಟಡವನ್ನು ಕೆಡವಲು ಒಪ್ಪಿಗೆ ಪಡೆದವರು ಕಮಿಷನ್ನಿಗೆ ತಿಳಿಸಿ, ದಾಖಲಿಸಿಕೊಳ್ಳಲು ಕನಿಷ್ಠ ಒಂದು ತಿಂಗಳು ಅವಕಾಶ ಕೊಡಬೇಕಾಯಿತು.

ಅದೇ ಹೊತ್ತಿಗೆ ಕೆಂಟ್ ಪ್ರಾಂತ್ಯದ ಬಾವ್ ಬೀಚ್ ಜಲಾಶಯಕ್ಕಾಗಿ ಬೇಲೀಫ್ ಎಂಬ ರೈತಮನೆಯನ್ನು ತೆರವು ಮಾಡಬೇಕಾಗಿ ಬಂದಿತ್ತು. 1968-69ರಲ್ಲಿ ಅದನ್ನು ಬಿಡಿಬಿಡಿಯಾಗಿ ಕಳಚಿ, ಸಸೆಕ್ಸಿನ ಸಿಂಗಲ್ಟನ್ನಿನಲ್ಲಿರುವ ಬಯಲು ವಸ್ತುಸಂಗ್ರಹಾಲಯದಲ್ಲಿ ಮತ್ತೆ ನಿಲ್ಲಿಸಿದರು. ನಡುವೆ ಸೂರಿನವರೆಗೆ ತೆರೆದ ಹಜಾರ, ಎರಡೂ ತುದಿಗೆ ಮಹಡಿ ಕೋಣೆಗಳು, ಎಲ್ಲಕ್ಕೂ ಒಂದೇ ಮಾಡು. ಮರದ ಬೆಳವಣಿಗೆಯ ಉಂಗುರಗಳನ್ನು ಎಣಿಸಿದಾಗ ಹಳೆಯ ಭಾಗದ ಓಕ್ ಮರ 15ನೇ ಶತಮಾನದ ಆರಂಭದ್ದೆಂದೂ, ಒಂದು ತುದಿಯನ್ನು ನೂರು ವರ್ಷಗಳಷ್ಟು ತಡವಾಗಿ ಕಟ್ಟಿದರೆಂದೂ ತಿಳಿಯಿತು. ಇಂಥ ಮನೆಗಳ ಚರಿತ್ರೆ ಅಡಗಿರುವುದು ಗಾರೆಯ ಹಿಂದೆ. ಚಿಮಣಿಯಿಲ್ಲದ ಕಾಲದ ಹೊಗೆಯಿಂದ ಕಪ್ಪಾದ ಜಂತೆ, ಜೋಡಣೆ ತಪ್ಪದಂತೆ ಬಡಗಿ ಕೊರೆದ ಗುರುತು, ಈಗ ಯಾವ ತೊಲೆಯೂ ಕೂರದ ಖಾಲಿ ಕಚ್ಚು: ಇವು ಬೇಕಾದಲ್ಲಿ ಗೋಡೆ ಬಿಚ್ಚುವಾಗ ತಿಳಿದವರೊಬ್ಬರು ಪಕ್ಕದಲ್ಲಿ ನಿಂತಿರಲೇಬೇಕು. ಕೆಡವುವ ಮೊದಲು ಎಷ್ಟೇ ಚೊಕ್ಕವಾಗಿ ಅಳೆದರೂ ಆ ದಾಖಲೆ ಅರ್ಧ ಮಾತ್ರ.

ಅಭಿವೃದ್ಧಿಗಾರರೇ ಪುರಾತತ್ತ್ವ ಕೆಲಸದ ಖರ್ಚು ಹೊರಬೇಕೆಂಬ ನೀತಿ 1990ರ ಸರ್ಕಾರಿ ಮಾರ್ಗಸೂಚಿಯಿಂದ ಗಟ್ಟಿಯಾಯಿತು; 1994ರ ಮತ್ತೊಂದು ಮಾರ್ಗಸೂಚಿ ನಿಂತಿರುವ ಕಟ್ಟಡಗಳ ಬಗ್ಗೆ ಹೇಳಿತು. ಎಷ್ಟು ದಾಖಲಿಸಬೇಕೆಂಬುದಕ್ಕೆ ನಾಲ್ಕು ಹಂತಗಳಿವೆ. ಮೊದಲನೆಯದು ಹೊರನೋಟದ ಟಿಪ್ಪಣಿ ಮತ್ತು ಛಾಯಾಚಿತ್ರಗಳಷ್ಟೇ. ನಾಲ್ಕನೆಯದರಲ್ಲಿ ಅಳತೆಯ ನಕ್ಷೆ, ಅಡ್ಡಕೊಯ್ತದ ಚಿತ್ರ, ಹಳೆಯ ಕಾಗದಪತ್ರಗಳ ಶೋಧ, ವಿಶ್ಲೇಷಣೆ ಎಲ್ಲವೂ ಸೇರುತ್ತವೆ.

ದಾಖಲೆ ಮಾಡಿಸುತ್ತೇವೆಂಬ ಮಾತೇ ಕೆಡವಲು ರಹದಾರಿಯಾಗುವ ಅಪಾಯ ಇದ್ದೇ ಇತ್ತು. ಹೀಗಾಗಿ ದಾಖಲಿಸಬಹುದು ಎಂಬ ಕಾರಣವನ್ನು ನಾಶಕ್ಕೆ ಅನುಮತಿ ಕೊಡುವಾಗ ಪರಿಗಣಿಸಕೂಡದೆಂದು 2012ರ ರಾಷ್ಟ್ರೀಯ ಯೋಜನಾ ನೀತಿ ಸ್ಪಷ್ಟವಾಗಿ ಬರೆಯಿತು. ನನ್ನ ಮಟ್ಟಿಗೆ ಇಡೀ ನೀತಿಯಲ್ಲಿ ತೂಕದ ಸಾಲು ಇದೇ. ಆದರೆ ಪಟ್ಟಿಗೆ ಸೇರದ ರೈತಮನೆಗಳಿಗೆ ಒಂದು ತಿಂಗಳ ನಿಯಮ ಅನ್ವಯಿಸುವುದಿಲ್ಲ. ಅಂಥ ಮನೆಯ ದಾಖಲೆ ಆಗುವುದೂ ಬಿಡುವುದೂ ಸ್ಥಳೀಯ ಆಡಳಿತ ಷರತ್ತು ಹಾಕುವುದರ ಮೇಲೆ ನಿಂತಿದೆ.