ಕಾಗದದ ಮೇಲಿನ ಡಿಟೆಕ್ಟರ್, ನೆಲದಡಿಯ ಡಿಟೆಕ್ಟರ್

ಫ್ರಾನ್ಸಿನ ಸೆಸಿ ಎಂಬ ಊರಿನ ಅಡಿಯಲ್ಲಿ, ಸುಮಾರು 100 ಮೀಟರ್ ಆಳದಲ್ಲಿ, 14,000 ಟನ್ ತೂಕದ ಸಿಎಂಎಸ್ ಡಿಟೆಕ್ಟರ್ ಕೂತಿದೆ; ಸರ್ನ್ ಸಂಸ್ಥೆಯ ಎಲ್‌ಎಚ್‌ಸಿ ವೇಗವರ್ಧಕದಲ್ಲಿ ಪ್ರೋಟಾನ್‌ಗಳು ಡಿಕ್ಕಿ ಹೊಡೆದಾಗ ಚಿಮ್ಮುವ ಕಣಗಳನ್ನು ಗುರುತಿಸುವ ಯಂತ್ರ ಇದು. ಅದರ ನಟ್ಟನಡುವೆ ಕಣಗಳ ಜಾಡು ಹಿಡಿಯುವ ಟ್ರ್ಯಾಕರ್‌ನಲ್ಲಿ ಸುಮಾರು 200 ಚದರ ಮೀಟರ್ ಸಿಲಿಕಾನ್ ಇದೆ. ಇದರೊಳಗೆ ಯಾವ ವಸ್ತು ಎಲ್ಲಿ, ಎಷ್ಟಿದೆ ಎಂಬುದು ಕಟ್ಟಿದವರಿಗೇ ಕರಾರುವಾಕ್ಕಾಗಿ ಗೊತ್ತಿರಲಿಲ್ಲ.

ಡ್ರಾಯಿಂಗ್ ಇತ್ತು, ನಿಜ. ಆದರೆ ಡ್ರಾಯಿಂಗಿನಲ್ಲಿ ಸಿಲಿಕಾನ್ ಹಾಳೆ ಇದ್ದಷ್ಟು ಸ್ಪಷ್ಟವಾಗಿ ಕೇಬಲ್, ಕನೆಕ್ಟರ್, ಅಂಟು, ತಂಪುಕೊಳವೆಗಳು ಇರುವುದಿಲ್ಲ. ಭೌತವಿಜ್ಞಾನಿಗಳು ವಸ್ತುವನ್ನು ಅಳೆಯುವುದು 'ರೇಡಿಯೇಷನ್ ಲೆಂತ್' ಲೆಕ್ಕದಲ್ಲಿ: ಎಲೆಕ್ಟ್ರಾನಿನ ಶಕ್ತಿ ಸರಾಸರಿ 37 ಶೇಕಡಾಕ್ಕೆ ಇಳಿಯಲು ಬೇಕಾದ ದಪ್ಪ. ಸೀಸದಲ್ಲಿ ಅದು 0.56 ಸೆಂ.ಮೀ., ತಾಮ್ರದಲ್ಲಿ 1.4, ಸಿಲಿಕಾನ್‌ನಲ್ಲಿ 9.4, ಬೆರಿಲಿಯಂನಲ್ಲಿ 35. ಟ್ರ್ಯಾಕರ್‌ನ ನಡುಭಾಗದಲ್ಲಿ ನೇರ ಹೊರಕ್ಕೆ ಹೊರಟ ಕಣ ದಾಟುವ ಸಿಲಿಕಾನ್ ಹಾಳೆಗಳನ್ನೆಲ್ಲ ಒಟ್ಟಿದರೂ ಒಂದು ರೇಡಿಯೇಷನ್ ಲೆಂತಿನ ಹತ್ತನೇ ಒಂದು ಪಾಲಾಗದು. ಮಿಕ್ಕಿದ್ದೆಲ್ಲ ಕರೆಂಟು ತರುವ ತಾಮ್ರ, ಬಿಸಿ ಒಯ್ಯುವ ಕೊಳವೆ, ಇವನ್ನು ಹೊತ್ತುಕೊಂಡ ಕಾರ್ಬನ್ ಫೈಬರ್. ಡಿಟೆಕ್ಟರ್ ಕಟ್ಟುವ 1994ರ ಪ್ರಸ್ತಾವದಲ್ಲಿ ಬರೆದಿದ್ದ ಒಟ್ಟು ವಸ್ತುವಿನ ಅಂದಾಜು 2006ರ ಹೊತ್ತಿಗೆ ದುಪ್ಪಟ್ಟಿಗೂ ಮಿಕ್ಕಿತ್ತು. ಕೇಬಲ್‌ಗಳು ಹೊರಬರುವ ಓರೆ ಕೋನಗಳಲ್ಲಿ ಒಂದೂವರೆ ರೇಡಿಯೇಷನ್ ಲೆಂತನ್ನೂ ದಾಟಿತು.

ಇದರಿಂದ ಕಷ್ಟ ಏನು? ಹಿಗ್ಸ್ ಕಣ ಎರಡು ಫೋಟಾನ್‌ಗಳಾಗಿ ಒಡೆದಾಗ, ಆ ಫೋಟಾನ್ ತನ್ನ ಶಕ್ತಿ ಅಳೆಯುವ ಕ್ಯಾಲೋರಿಮೀಟರ್ ಮುಟ್ಟುವ ಮೊದಲೇ ದಾರಿಯ ಕೊಳವೆಗೆ ತಾಗಿ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಯಾಗಿಬಿಡಬಹುದು. ಒಂದು ರೇಡಿಯೇಷನ್ ಲೆಂತ್ ದಾಟುವಷ್ಟರಲ್ಲಿ ಹೀಗಾಗುವ ಸಾಧ್ಯತೆ ಸುಮಾರು 54 ಶೇಕಡಾ. ಡಿಟೆಕ್ಟರಿನ ಕಂಪ್ಯೂಟರ್ ಮಾದರಿಯಾದ ಸಿಮ್ಯುಲೇಷನ್‌ನಲ್ಲಿ ಆ ಕೊಳವೆಯನ್ನು ತೆಳ್ಳಗೆ ಬರೆದಿದ್ದರೆ ಲೆಕ್ಕವೆಲ್ಲ ಏರುಪೇರು.

ಜೋಡಣೆಯ ಕಾಲದಲ್ಲಿ ಮಾಡಿದ ಮೊದಲ ಉಪಾಯ ತಕ್ಕಡಿ. ಬಿಡಿಭಾಗಗಳನ್ನು ತೂಗಿ ಮಾದರಿಗೆ ಹೋಲಿಸುವುದು. ತೂಕ 'ಎಷ್ಟು' ಎನ್ನುತ್ತದೆ, 'ಎಲ್ಲಿ' ಎನ್ನುವುದಿಲ್ಲ. 2010ರಲ್ಲಿ 7 ಟಿಇವಿ (ಲಕ್ಷ ಕೋಟಿ ಎಲೆಕ್ಟ್ರಾನ್-ವೋಲ್ಟ್) ಶಕ್ತಿಯ ಘರ್ಷಣೆ ಶುರುವಾದಾಗ ಎರಡನೆಯ ಉಪಾಯ ಕೈಗೆ ಬಂತು. ಎಲ್ಲರೂ ಉಪದ್ರವ ಎಂದು ಬದಿಗೊತ್ತುತ್ತಿದ್ದ, ಫೋಟಾನ್‌ನಿಂದ ಹುಟ್ಟಿದ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಗಳನ್ನೇ ಗುರುತಿಸಿದರೆ, ಅವು ಹುಟ್ಟಿದ ಜಾಗದಲ್ಲಿ ವಸ್ತು ಇದೆ ಎಂದಾಯಿತು. ತೊಡಕು ಒಂದೇ: ಎರಡೂ ಕಣಗಳು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಹೊರಡುತ್ತವೆ. ಸಮಾನಾಂತರ ಗೆರೆಗಳೆರಡು ಎಲ್ಲಿ ಕೂಡುತ್ತವೆ ಎಂದು ಹೇಳುವುದು ಕಷ್ಟವಾದ್ದರಿಂದ ನಕ್ಷೆ ಕಲಸಿದಂತಾಗುತ್ತದೆ.

ಹರಿತವಾದ ಸಾಧನ ಹ್ಯಾಡ್ರಾನ್‌ಗಳದ್ದು, ಅಂದರೆ ಕ್ವಾರ್ಕ್‌ಗಳಿಂದಾದ ಕಣಗಳದ್ದು. ಪಯಾನ್‌ನಂಥ ಕಣ ಕೊಳವೆಯ ಪರಮಾಣು ಬೀಜಕ್ಕೆ ಬಡಿದರೆ ಹಲವು ಕಣಗಳು ಅಗಲ ಕೋನದಲ್ಲಿ ಚೆಲ್ಲುತ್ತವೆ. ಆ ಜಾಡುಗಳನ್ನು ಹಿಂದಕ್ಕೆ ಎಳೆದು ಕವಲೊಡೆದ ಬಿಂದುವನ್ನು ಹಿಡಿಯಬೇಕು. ಎರಡೇ ಜಾಡಿದ್ದರೆ ನಂಬುವಂತಿಲ್ಲ: ಕೇ-ಶಾರ್ಟ್ ಮತ್ತು ಲ್ಯಾಂಬ್ಡಾ ಕಣಗಳು ಖಾಲಿ ಜಾಗದಲ್ಲೂ ತಾವಾಗಿಯೇ ಒಡೆದು ಎರಡು ಜಾಡು ಬಿಡುತ್ತವೆ. ಆದ್ದರಿಂದ ಮೂರಾದರೂ ಜಾಡು ಬೇಕೆಂಬ ಷರತ್ತು. ಸಿಎಂಎಸ್ ತಂಡ 2015ರ 13 ಟಿಇವಿ ದತ್ತಾಂಶದಿಂದ ಇಂಥ ಬಿಂದುಗಳನ್ನು ಹೆಕ್ಕಿ, 2018ರಲ್ಲಿ ನಕ್ಷೆ ಪ್ರಕಟಿಸಿತು.

ಆ ಚಿತ್ರವನ್ನು ಒಳಗಿನಿಂದ ಹೊರಕ್ಕೆ ಓದಬೇಕು. 2.2 ಸೆಂ.ಮೀ. ತ್ರಿಜ್ಯದಲ್ಲಿ ತೆಳು ಉಂಗುರ; ಅದು 0.8 ಮಿ.ಮೀ. ದಪ್ಪದ ಬೆರಿಲಿಯಂ ಬೀಮ್ ಪೈಪ್, ಪ್ರೋಟಾನ್‌ಗಳು ಹರಿಯುವ ಕೊಳವೆ. ಆಮೇಲೆ ಟ್ರ್ಯಾಕರ್‌ನ ತೀರ ಒಳಭಾಗವಾದ ಪಿಕ್ಸೆಲ್ ಡಿಟೆಕ್ಟರಿನ ಒಳಕವಚ. 4.4, 7.3, 10.2 ಸೆಂ.ಮೀ.ಗಳಲ್ಲಿ ಪಿಕ್ಸೆಲ್ ಪದರಗಳು ಹೂವಿನ ಎಸಳಿನಂತೆ ಒಂದರ ಮೇಲೊಂದು ಅಂಚು ಚಾಚಿ ನಿಂತಿವೆ. ಹೊರಗಡೆ ಆಧಾರದ ಕೊಳವೆ, ಅದರ ಹಳಿಗಳು. ಸ್ಥಾನದ ನಿಖರತೆ ಸುಮಾರು 100 ಮೈಕ್ರಾನ್, ಹೆಚ್ಚುಕಡಿಮೆ ಒಂದು ಕೂದಲೆಳೆ. ಬೀಮ್ ಪೈಪ್ ಪಿಕ್ಸೆಲ್ ಪದರಗಳ ನಡುಮಧ್ಯದಲ್ಲಿಲ್ಲ, ತುಸು ಪಕ್ಕಕ್ಕೆ ಸರಿದಿದೆ ಎಂಬುದನ್ನೂ ಈ ಉಂಗುರಗಳೇ ಹೇಳುತ್ತವೆ.

ಎಣಿಕೆಯನ್ನು ಹಾಗೇ ವಸ್ತುವಿನ ಪ್ರಮಾಣವೆಂದು ಓದಿದರೆ ಮೋಸಹೋಗುತ್ತೇವೆ. ಕೇಂದ್ರದಿಂದ ದೂರ ಹೋದಂತೆ ಕಣಗಳ ದಟ್ಟಣೆ ದೂರದ ವರ್ಗಕ್ಕೆ ವಿಲೋಮವಾಗಿ ತಗ್ಗುತ್ತದೆ. ಪೈಪ್ ಸರಿದಿದ್ದರೆ ಹತ್ತಿರದ ಬದಿ ಸುಳ್ಳೇ ದಪ್ಪ ಕಾಣುತ್ತದೆ. 25 ಸೆಂ.ಮೀ. ಆಚೆಗಂತೂ ಕವಲಿನ ನಂತರ ಜಾಡು ಕಟ್ಟಲು ಸಾಕಷ್ಟು ಪದರಗಳೇ ಉಳಿಯದೆ ನಕ್ಷೆ ಮಸುಕಾಗುತ್ತದೆ.

ಅದೇ ವೇಗವರ್ಧಕದ ಎದುರು ಬದಿಯಲ್ಲಿರುವ ಅಟ್ಲಾಸ್ ಪ್ರಯೋಗಕ್ಕೆ ಈ ವಿಧಾನ ನೇರವಾಗಿಯೇ ಫಲ ಕೊಟ್ಟಿತು. 2014ರಲ್ಲಿ ಸೇರಿಸಿದ ಹೊಸ ಒಳಪದರದ ಸಿಮ್ಯುಲೇಷನ್‌ನಲ್ಲಿ ಸರ್ಕ್ಯೂಟಿನ ಮೇಲಿನ ಕೆಲವು ಪುಟ್ಟ ಬಿಡಿಭಾಗಗಳು ಬಿಟ್ಟುಹೋಗಿದ್ದವು. ದತ್ತಾಂಶದಲ್ಲಿ ಆ ಜಾಗಗಳಲ್ಲಿ ಬಿಂದುಗಳು ಹೆಚ್ಚಾಗಿ ಕಂಡವು, ಮಾದರಿಯನ್ನು ತಿದ್ದಲಾಯಿತು.

ಸಿಎಂಎಸ್‌ನ ನಕ್ಷೆ ಅಚ್ಚಾಗುವ ಹೊತ್ತಿಗೆ ಅದರಲ್ಲಿದ್ದ ಪಿಕ್ಸೆಲ್ ಡಿಟೆಕ್ಟರೇ ಜಾಗದಲ್ಲಿರಲಿಲ್ಲ. 2017ರ ಆರಂಭದಲ್ಲಿ ಅದನ್ನು ಹೊರತೆಗೆದು ನಾಲ್ಕು ಪದರಗಳ, 12.4 ಕೋಟಿ ಪಿಕ್ಸೆಲ್‌ಗಳ ಹೊಸದನ್ನು ಕೂರಿಸಿದ್ದರು. ಅದರ ಮೊದಲ ಪದರ 2.9 ಸೆಂ.ಮೀ.ನಲ್ಲಿದೆ, ಪೈಪಿನಿಂದ ಒಂದು ಸೆಂಟಿಮೀಟರೂ ದೂರವಿಲ್ಲ. ತಂಪಿಗೆ ತೆಳು ಕೊಳವೆಗಳಲ್ಲಿ ಹರಿಯುವ ಇಂಗಾಲದ ಡೈಆಕ್ಸೈಡ್ ಬಂದಿದೆ. ಬಿಂದುಗಳನ್ನು ಮತ್ತೆ ಮೊದಲಿನಿಂದ ಕೂಡಿಹಾಕಬೇಕಾಯಿತು.