ಪಾಸ್‌ಪೋರ್ಟ್ ಬೇಡದ ಗಡಿ, ಲೆಕ್ಕಕ್ಕೆ ಸಿಗದ ಗೂರ್ಖಾ

ರಾತ್ರಿ ಎರಡಕ್ಕೆ ನಮ್ಮ ಬೀದಿಯಲ್ಲಿ ಸೀಟಿ ಕೇಳಿಸುತ್ತದೆ. ಹಿಂದೆಯೇ ಕರೆಂಟ್ ಕಂಬಕ್ಕೆ ಲಾಠಿ ಬಡಿದ ಠಣ್ ಸದ್ದು. ತಿಂಗಳ ಮೊದಲ ವಾರ ಅದೇ ಗೂರ್ಖಾ ಗೇಟಿಗೆ ಬಂದು ಐವತ್ತೋ ನೂರೋ ಇಸ್ಕೊಂಡು ಹೋಗುತ್ತಾರೆ. ಹೆಸರು ಕೇಳಿದವರು ಕಮ್ಮಿ. ಊರು ಪಶ್ಚಿಮ ನೇಪಾಳದ ಅಛಾಮ್. ಬೆಂಗಳೂರಿಗೆ ಬಂದು ಹನ್ನೆರಡು ವರ್ಷವಾಯ್ತು. ವೀಸಾ ಇಲ್ಲ, ಪಾಸ್‌ಪೋರ್ಟೂ ಇಲ್ಲ. ಕದ್ದು ಬಂದವರೇನಲ್ಲ, ಅವು ಬೇಕಾಗಿಯೇ ಇಲ್ಲ!

ಈ ಓಡಾಟ ಹಳೆಯದು. ಲಾಹೋರಿನಲ್ಲಿ ಪಂಜಾಬಿನ ದೊರೆ ರಣಜಿತ್ ಸಿಂಗ್ ಸೇನೆಗೆ ಸೇರಲು ಹೋದವರನ್ನು ನೇಪಾಳದಲ್ಲಿ 'ಲಾಹುರೆ' ಅಂದರು. ಹೊರಗೆ ದುಡಿಯಲು ಹೋದವರಿಗೆ ಆ ಹೆಸರು ಇವತ್ತಿಗೂ ಉಂಟು. ಈಸ್ಟ್ ಇಂಡಿಯಾ ಕಂಪನಿಯೂ ಯುದ್ಧದಲ್ಲಿ ಎದುರು ನಿಂತ ಗೂರ್ಖಾಗಳನ್ನೇ 1815ರಿಂದ ತನ್ನ ಪಡೆಗೆ ಸೇರಿಸಿಕೊಂಡಿತು.

ಬರಹದಲ್ಲಿ ಹಕ್ಕು ಸಿಕ್ಕಿದ್ದು 1950ರ ಜುಲೈ 31ರ ಭಾರತ-ನೇಪಾಳ ಶಾಂತಿ ಮತ್ತು ಸ್ನೇಹ ಒಪ್ಪಂದದಿಂದ. ವಾಸ, ಆಸ್ತಿ, ವ್ಯಾಪಾರ, ಓಡಾಟ ಎಲ್ಲದರಲ್ಲೂ ಒಬ್ಬರ ಪ್ರಜೆಗಳಿಗೆ ಇನ್ನೊಬ್ಬರ ನೆಲದಲ್ಲಿ ಸಮಾನ ಸೌಲಭ್ಯ ಅಂತ ಅದರ 7ನೇ ವಿಧಿ ಹೇಳುತ್ತದೆ. ಆದರೆ ಪುಟ್ಟ ದೇಶಕ್ಕೆ ದೊಡ್ಡ ನೆರೆಯ ಭಯ ಇದ್ದೇ ಇರುತ್ತದೆ ಅಲ್ವಾ? 1987ರಲ್ಲಿ ನೇಪಾಳ ಕಠ್ಮಂಡು ಕಣಿವೆಯಲ್ಲಿ ಭಾರತೀಯರಿಗೆ ಕೆಲಸದ ಪರವಾನಗಿ ಕೇಳಿತು. ದೆಹಲಿ ಮುನಿಸಿಕೊಂಡಿತು. ಒಪ್ಪಂದವನ್ನು ಪರಿಶೀಲಿಸಲು 2016ರಲ್ಲಿ ಕೆಲಸ ಶುರುಮಾಡಿದ ಎರಡೂ ದೇಶಗಳ ತಜ್ಞರ ತಂಡ 2018ರಲ್ಲಿ ವರದಿ ಮುಗಿಸಿತು. ತೆಗೆದುಕೊಳ್ಳುವವರಿಲ್ಲದೆ ಅದು ಸುಮ್ನೆ ಬಿದ್ದುಕೊಂಡಿತು.

ನನಗೆ ಕಾಣುವ ತೊಡಕು ಬೇರೆ. ಕೊಲ್ಲಿ ದೇಶಕ್ಕೆ ಹೋಗುವ ನೇಪಾಳಿಗೆ ತನ್ನ ಸರ್ಕಾರದ ಕಾರ್ಮಿಕ ಪರವಾನಗಿ ಬೇಕು. ಜೊತೆಗೆ ವಿಮೆಯೂ ಇರುತ್ತದೆ. ಭಾರತಕ್ಕೆ ಪರವಾನಗಿ ಬೇಡ. ಹಾಗಾಗಿ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ, ವಿಮೆಯೂ ಇಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಗಡಿ ಮುಚ್ಚಿದಾಗ ಉತ್ತರಾಖಂಡದ ಗಡಿ ಊರು ಧಾರ್ಚುಲಾದಲ್ಲಿ ಸಿಕ್ಕಿಕೊಂಡವರಲ್ಲಿ ಕೆಲವರು ಗಡಿಯ ಮಹಾಕಾಳಿ ನದಿಯನ್ನು ಈಜಿ ಆಚೆ ದಡ ಸೇರಿದರು.

ದುಡಿದ ಹಣ ಸಾಗಿಸುವುದೂ ಒಂದು ಪಾಡು. 2018ರಲ್ಲಿ ನೇಪಾಳ 100 ರೂಪಾಯಿಗಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿತ್ತು. ಆಮೇಲಿನ ವರ್ಷಗಳಲ್ಲಿ ದಸರೆಗೆ ಊರಿಗೆ ಹೊರಡುವ ಮುಂಚೆ ನಮ್ಮ ಗೂರ್ಖಾ ಗೇಟಿನ ಹತ್ತಿರ ನಿಂತು, ಐನೂರರ ನಾಲ್ಕು ನೋಟು ಮುಂದೆ ಹಿಡಿದು ಕೇಳುತ್ತಿದ್ದರು: "ಅಕ್ಕಾ, ನೂರು ನೂರರದ್ದು ಇದೆಯಾ?"