ಚಾಕುವಿನ ಮೊನೆ ದುಂಡಗಾದರೆ ಕೊಲೆ ಕಡಿಮೆಯಾಗುತ್ತದೆಯೇ?

ಬ್ರಿಟನ್ನಿನಲ್ಲಿ ಒಂದು ಸಲಹೆ ಆಗಾಗ ತಲೆ ಎತ್ತುತ್ತದೆ. ಅಡುಗೆಮನೆಯ ಚಾಕುವಿಗೆ ಚೂಪು ಮೊನೆ ಯಾಕೆ ಬೇಕು? ತುದಿ ದುಂಡಗಿದ್ದರೆ ಇರಿತದ ಸಾವು ಕಡಿಮೆಯಾಗುತ್ತದೆ ಅಲ್ವಾ? 2005ರಲ್ಲಿ ಲಂಡನ್ನಿನ ಮೂವರು ತುರ್ತು ಚಿಕಿತ್ಸಾ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದನ್ನೇ ವಾದಿಸಿದರು. ಅವರು ಮಾತಾಡಿಸಿದ 10 ಬಾಣಸಿಗರಲ್ಲಿ ಒಬ್ಬರೂ ಉದ್ದದ ಚೂಪು ಚಾಕು ಇಲ್ಲದಿದ್ದರೆ ಆಗುವುದೇ ಇಲ್ಲ ಎನ್ನಲಿಲ್ಲ. 2018ರಲ್ಲಿ ಲೂಟನ್‌ನ ನ್ಯಾಯಾಧೀಶರೊಬ್ಬರು ನಿವೃತ್ತಿಯ ಭಾಷಣದಲ್ಲಿ ಇದೇ ಮಾತು ಎತ್ತಿದರು. 2025ರ ಜನವರಿಯಲ್ಲಿ ನಟ ಇಡ್ರಿಸ್ ಎಲ್ಬಾ ಕೂಡ.

ಶವಪರೀಕ್ಷೆ ನನ್ನ ವೃತ್ತಿ. ಹಾಗಾಗಿ ಈ ಸಲಹೆಯನ್ನು ಸುಮ್ನೆ ತಳ್ಳಿಹಾಕಲು ನನಗೆ ಆಗುವುದಿಲ್ಲ. ಕೋರ್ಟಿನಲ್ಲಿ ವಕೀಲರು ನಮ್ಮನ್ನು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಡಾಕ್ಟ್ರೇ, ಈ ಗಾಯ ಆಗಬೇಕಾದರೆ ಎಷ್ಟು ಬಲ ಹಾಕಿರಬೇಕು?" ಮೊನೆ ಚೂಪಾಗಿದ್ದರೆ ಹೆಚ್ಚೇನೂ ಬೇಡ. ಮೂಳೆ, ಮೃದ್ವಸ್ಥಿ ಬಿಟ್ಟರೆ ಚಾಕುವನ್ನು ತಡೆಯುವುದು ಮುಖ್ಯವಾಗಿ ಚರ್ಮವೇ. ಮೊನೆ ಒತ್ತಿದಾಗ ಚರ್ಮ ಮೊದಲು ಒಳಕ್ಕೆ ತಗ್ಗುತ್ತದೆ, ಬಿಗಿಯಾಗುತ್ತದೆ, ಆಮೇಲೆ ಪಟ್ಟನೆ ಹರಿಯುತ್ತದೆ. ಅಲ್ಲಿಂದಾಚೆಗೆ ಅಲಗು ಸಲೀಸಾಗಿ ಇಳಿದುಬಿಡುತ್ತದೆ. ಹೊಟ್ಟೆಗೆ ಇರಿದಾಗ ಅದೂ ತಗ್ಗುವುದರಿಂದ, ಕೆಲವೊಮ್ಮೆ ಗಾಯದ ಆಳ ಅಲಗಿನ ಉದ್ದಕ್ಕಿಂತ ಜಾಸ್ತಿ ಇರುತ್ತದೆ. ಮೊನೆ ದುಂಡಗಿದ್ದರೆ ಬಟ್ಟೆ ಮತ್ತು ಚರ್ಮವನ್ನು ದಾಟುವುದೇ ಕಷ್ಟ. ಇಷ್ಟರ ಮಟ್ಟಿಗೆ ಆ ವೈದ್ಯರು ಹೇಳಿದ್ದು ನಿಜ.

ನನ್ನ ಅನುಮಾನ ಶುರುವಾಗುವುದು ಇದನ್ನು ಇಡೀ ದೇಶಕ್ಕೆ ನೀತಿ ಮಾಡಹೊರಟಾಗ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2024ರವರೆಗಿನ ಕೆಲವು ವರ್ಷಗಳಲ್ಲಿ ಚೂಪಾದ ಆಯುಧದಿಂದ ಆದ ಕೊಲೆಗಳು ವರ್ಷಕ್ಕೆ 200ಕ್ಕೂ ಹೆಚ್ಚು. ಎಂಥ ಆಯುಧ ಎಂದು ಗೊತ್ತಾದ ಪ್ರಕರಣಗಳಲ್ಲಿ ಅಡುಗೆ ಚಾಕುವೇ ಮುಂದು. ಅದು ಎಲ್ಲರ ಮನೆಯಲ್ಲೂ ಇದೆ, ಕೈಗೆ ತಕ್ಷಣ ಸಿಗುತ್ತದೆ. ಇಲ್ಲಿ ಮೊನೆ ಬದಲಿಸಬೇಕು ಎನ್ನುವವರು ಒಂದು ಒಳ್ಳೆಯ ಉದಾಹರಣೆ ಕೊಡುತ್ತಾರೆ. ಒಂದು ಕಾಲದಲ್ಲಿ ಬ್ರಿಟನ್ನಿನ ಮನೆಗಳಿಗೆ ಬರುತ್ತಿದ್ದುದು ಕಲ್ಲಿದ್ದಲಿನ ಗ್ಯಾಸ್. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇತ್ತು, ಆತ್ಮಹತ್ಯೆಗೆ ಜನ ಅದನ್ನೇ ಬಳಸುತ್ತಿದ್ದರು. 1960 ಮತ್ತು 70ರ ದಶಕಗಳಲ್ಲಿ ಗ್ಯಾಸ್‌ನಲ್ಲಿನ ವಿಷ ಇಳಿಯುತ್ತಾ ಬಂತು, ಕೊನೆಗೆ ನೈಸರ್ಗಿಕ ಅನಿಲ ಬಂತು. ಆತ್ಮಹತ್ಯೆಗಳ ಒಟ್ಟು ಸಂಖ್ಯೆಯೇ ಇಳಿಯಿತು. ಕೈಗೆ ಸಿಗುವ ಸಾಧನ ಬದಲಾದರೆ ಜೀವ ಉಳಿಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಕಷ್ಟ.

ಆದರೆ ಗ್ಯಾಸ್ ಬರುತ್ತಿದ್ದುದು ಕೊಳವೆಯಲ್ಲಿ. ಸರಬರಾಜು ಬದಲಾದ ದಿನ ಹಳೆಯದನ್ನು ಯಾರೂ ಮನೆಯಲ್ಲಿ ಎತ್ತಿಟ್ಟುಕೊಳ್ಳುವಂತಿರಲಿಲ್ಲ. ಚಾಕು ಹಾಗಲ್ಲ. ಒಳ್ಳೆಯ ಸ್ಟೀಲ್ ಚಾಕು ದಶಕಗಟ್ಟಲೆ ಬಾಳುತ್ತದೆ. ನಾಳೆಯಿಂದ ದುಂಡು ತುದಿಯ ಚಾಕು ಮಾತ್ರ ಮಾರಬೇಕು ಎಂದರೂ ಕೋಟಿಗಟ್ಟಲೆ ಹಳೆಯ ಚಾಕುಗಳು ಡ್ರಾಯರಿನಲ್ಲೇ ಇರುತ್ತವೆ. ಜೇಬಿನಲ್ಲಿಟ್ಟುಕೊಂಡು ಬೀದಿಗಿಳಿಯುವ ಹುಡುಗನಿಗೆ ಒಂದೇ ಒಂದು ಸಾಕು. ದುಂಡು ತುದಿಗೂ ಅರ ಹಿಡಿದು ಸ್ವಲ್ಪ ಹೊತ್ತು ಉಜ್ಜಿದರೆ ಮತ್ತೆ ಮೊನೆ ಬರುತ್ತದೆ. ಅದೂ ಬೇಡವೆಂದರೆ ಸ್ಕ್ರೂಡ್ರೈವರ್ ಇದೆ. ಅದರಿಂದಾದ ಸಾವುಗಳನ್ನೂ ನಮ್ಮ ವೃತ್ತಿಯವರು ನೋಡಿದ್ದಾರೆ. ಇನ್ನು ಹರಿತದ ಅಂಚನ್ನಂತೂ ಯಾರೂ ತೆಗೆಯುವಂತಿಲ್ಲ, ತೆಗೆದರೆ ತರಕಾರಿ ಹೆಚ್ಚುವುದು ಹೇಗೆ? ಕುಯ್ದ ಗಾಯ ಇರಿತದಷ್ಟು ಆಳಕ್ಕೆ ಹೋಗುವುದಿಲ್ಲ, ನಿಜ. ಕುತ್ತಿಗೆಯಲ್ಲಿ ಅಷ್ಟು ಆಳ ಬೇಕಾಗಿಯೂ ಇಲ್ಲ.

ವಿನ್ಯಾಸ ಬದಲಿಸಿದರೆ ಗಾಯ ಕಡಿಮೆಯಾಗಿಯೇ ತೀರುತ್ತದೆ ಎಂಬ ಭರವಸೆಯೂ ನನಗಿಲ್ಲ. ಬಾರುಗಳಲ್ಲಿ ಒಡೆದ ಗ್ಲಾಸಿನಿಂದ ಆಗುವ ಗಾಯ ತಪ್ಪಿಸಲು ಬ್ರಿಟನ್ನಿನ ಸಂಶೋಧಕರು ಗಟ್ಟಿ ಗಾಜಿನ ಗ್ಲಾಸುಗಳನ್ನು ಪರೀಕ್ಷೆಗೆ ಒಡ್ಡಿದರು. 2000ದಲ್ಲಿ ಫಲಿತಾಂಶ ಪ್ರಕಟವಾಯಿತು. ಹೊಸ ಗ್ಲಾಸು ಬಳಸಿದ ಬಾರುಗಳ ಸಿಬ್ಬಂದಿಗೇ ಜಾಸ್ತಿ ಗಾಯವಾಗಿತ್ತು! ಆ ಗ್ಲಾಸುಗಳನ್ನು ಸರಿಯಾಗಿ ಗಟ್ಟಿ ಮಾಡಿಯೇ ಇರಲಿಲ್ಲ. ಅದನ್ನು ಅಳೆದು ನೋಡಿದ್ದರಿಂದ ತಾನೇ ಗೊತ್ತಾಗಿದ್ದು? ದುಂಡು ಚಾಕುವಿನಿಂದ ಒಂದು ಊರಿನ ಕೊಲೆಗಳು ಇಳಿದವು ಎಂದು ತೋರಿಸುವ ಅಂಥ ಪ್ರಯೋಗವನ್ನು ಮೊದಲು ನನ್ನ ಮುಂದಿಡಲಿ.

ಒಂದು ಕಡೆ ಮಾತ್ರ ನಾನು ಈ ಸಲಹೆಯ ಪರ. ನಾಟಿಂಗ್‌ಹ್ಯಾಮ್‌ಶೈರ್ ಪೊಲೀಸರು ಮನೆಯೊಳಗಿನ ಹಿಂಸೆಗೆ ಸಿಕ್ಕವರಿಗೆ ಮೊಂಡು ತುದಿಯ ಚಾಕುಗಳನ್ನು ಕೊಟ್ಟರು. ಅಲ್ಲಿ ಲೆಕ್ಕವೇ ಬೇರೆ. ಜಗಳ ತಾರಕಕ್ಕೇರಿದಾಗ ಕೈ ಹೋಗುವುದು ಪಕ್ಕದಲ್ಲಿರುವ ಚಾಕುವಿನ ಮೇಲೆ. ಆ ಮನೆಯ ಹಳೆಯ ಚಾಕುಗಳನ್ನೂ ಹೊರಗೆ ಹಾಕಿದರೆ ನಿಜಕ್ಕೂ ಒಂದು ಜೀವ ಉಳಿಯಬಹುದು. ಅಪಾಯ ಗೊತ್ತಿರುವ ಮನೆಗಳಿಗೆ ಇದನ್ನು ಖಂಡಿತ ಕೊಡಿ.

ಉಳಿದ ದುಡ್ಡು, ಗಮನ ಎರಡೂ ವೇಲ್ಸ್‌ನ ಕಾರ್ಡಿಫ್ ನಗರದ ಮಾದರಿಗೆ ಹೋಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿನ ಆಸ್ಪತ್ರೆಯಲ್ಲಿ ಹೊಡೆತ ತಿಂದು ಬಂದವರನ್ನು ರಿಸೆಪ್ಶನ್ನಿನಲ್ಲೇ ಕೇಳುತ್ತಾರೆ: ಎಲ್ಲಿ ನಡೆಯಿತು, ಎಷ್ಟು ಹೊತ್ತಿಗೆ, ಯಾವ ಆಯುಧ? ಹೆಸರು ತೆಗೆದು ಆ ಮಾಹಿತಿಯನ್ನು ಪೊಲೀಸರಿಗೂ ನಗರಾಡಳಿತಕ್ಕೂ ಕಳಿಸುತ್ತಾರೆ. ಪೊಲೀಸರಿಗೆ ದೂರು ಕೊಡದ ಎಷ್ಟೋ ಜಗಳಗಳು ಹೀಗೆ ಲೆಕ್ಕಕ್ಕೆ ಸಿಗುತ್ತವೆ. ಯಾವ ಬೀದಿಗೆ, ಯಾವ ಹೊತ್ತಿಗೆ ಗಸ್ತು ಹಾಕಬೇಕು ಎಂದು ತಿಳಿಯುತ್ತದೆ. 2011ರ ಅಧ್ಯಯನದ ಪ್ರಕಾರ, ಅಂಥದ್ದೇ ಬೇರೆ ನಗರಗಳಿಗೆ ಹೋಲಿಸಿದರೆ ಹಿಂಸೆಯಿಂದ ಆಸ್ಪತ್ರೆ ಸೇರುವವರ ಪ್ರಮಾಣ ಕಾರ್ಡಿಫ್‌ನಲ್ಲಿ 42% ಕಡಿಮೆಯಾಗಿತ್ತು. ಪ್ರತಿ ತುರ್ತು ಚಿಕಿತ್ಸಾ ವಿಭಾಗದಲ್ಲೂ ಆ ಮೂರು ಪ್ರಶ್ನೆ ಕೇಳುವ ವ್ಯವಸ್ಥೆ ಮೊದಲು ಆಗಲಿ. ಚಾಕು ಕಂಪನಿಗಳ ಜೊತೆ ಮಾತುಕತೆ ಆಮೇಲೆ ನೋಡೋಣ.